ಬದುಕಿರುವ ಮೀನನ್ನು ಸಾಕ್ಷಿಗೆ ಕರೆಯಬೇಡಿ

ಗಾರ್ಡನ್ ರೀಚ್, ಕೋಲ್ಕತ್ತ

ಕರ್ನಾಟಕದ ನದಿ, ಕೆರೆಗಳ ನೀರನ್ನು ಪರೀಕ್ಷಿಸುವ, ವರದಿ ಬರೆಯುವ, ಆ ವರದಿಗೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,



ನಾನು ಹರಿಹರದ ಕಡೆಯವಳು; ತುಂಗಭದ್ರೆಯ ನೀರು ಕುಡಿದು ಬೆಳೆದವಳು. ಯಜಮಾನರ ರೈಲ್ವೆ ನೌಕರಿಯ ಜೊತೆ ಕೋಲ್ಕತ್ತಕ್ಕೆ ಬಂದು, ಹೂಗ್ಲಿ ದಂಡೆಯ ಗಾರ್ಡನ್ ರೀಚ್‌ನಲ್ಲಿ ನೆಲೆ ನಿಂತು, ಇಲ್ಲಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ಊರು ಬಿಟ್ಟರೂ ಊರ ಹೊಳೆಯ ಚಿಂತೆ ಬಿಟ್ಟಿಲ್ಲ. ಕಳೆದ ಸಲ ಊರಿಗೆ ಬಂದಿದ್ದಾಗ, ಹೊಳೆ ನೀರು ಬಣ್ಣಗೆಟ್ಟಿದೆ, ನಾರುತ್ತಿದೆ ಎಂದು ದೂರು ಕೊಡಲು ಹೊರಟ ರೈತರ ಜೊತೆ ನಾನೂ ಒಂದು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ಒರಟಾಗಿ ನಡೆದುಕೊಳ್ಳಲಿಲ್ಲ. ಕೂರಿಸಿದರು, ಅರ್ಜಿ ತೆಗೆದುಕೊಂಡರು. ಕೊನೆಗೆ ಒಂದು ಮಾತು ಹೇಳಿದರು: "ನೀರು ಅಷ್ಟು ವಿಷವಾಗಿದ್ದರೆ ಮೀನು ಬದುಕಿರುತ್ತಿತ್ತೇನಮ್ಮಾ? ಸಂತೆಗೆ ಹೊಳೆಮೀನು ಬರುತ್ತಲೇ ಇದೆಯಲ್ಲ!" ರೈತರಿಗೆ ಮರುಮಾತು ಹೊಳೆಯಲಿಲ್ಲ. ಎದ್ದು ಬಂದರು.

ಆ ಮಾತಿಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಹಾಗೆ ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆ ತರ್ಕವನ್ನು ಓದಿದವರೂ ನಂಬುತ್ತಾರೆ, ಮೇಲುನೋಟಕ್ಕೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಅದು ತಪ್ಪು. ಅದರ ಮೇಲೆ ನಿಂತ ವರದಿಯಿಂದ ಜನರ ತಟ್ಟೆಗೆ ವಿಷ ಬರಬಹುದು. ಹೇಗೆ ಎಂಬುದನ್ನು ದಯವಿಟ್ಟು ತಾಳ್ಮೆಯಿಂದ ಓದಿ.

ಮೊದಲು ನಾನಿರುವ ಜಾಗದ ಸಂಗತಿ. ಗಾರ್ಡನ್ ರೀಚ್ ಕೋಲ್ಕತ್ತದ ನೈಋತ್ಯ ಮೂಲೆ. ಅವಧದ ನವಾಬ ವಾಜಿದ್ ಅಲಿ ಷಾ 1856ರಲ್ಲಿ ರಾಜ್ಯ ಕಳೆದುಕೊಂಡು ಬಂದು ನೆಲೆಸಿದ ಮೆಟಿಯಾಬ್ರುಜ್ ಇಲ್ಲೇ. 1961ರಲ್ಲಿ ‘ಅಜಯ್’ ಎಂಬ ಯುದ್ಧನೌಕೆಯನ್ನು ನೌಕಾಪಡೆಗೆ ಕಟ್ಟಿಕೊಟ್ಟ ಹಡಗುಕಟ್ಟೆ ಇಲ್ಲೇ. ಎದುರು ದಂಡೆಯಲ್ಲಿ 1787ರಲ್ಲಿ ಶುರುವಾದ ಸಸ್ಯೋದ್ಯಾನ, ಅದರೊಳಗಿನ ಹೆಸರಾಂತ ಆಲದಮರ. ನಮ್ಮ ದಂಡೆಯಲ್ಲಿ ಬಂದರಿನ ಡಾಕ್‌ಗಳು, ಕಾರ್ಖಾನೆಗಳು, ಬಟ್ಟೆಗೆ ಬಣ್ಣ ಹಾಕುವ ಘಟಕಗಳು. ಸ್ವಲ್ಪ ಮೇಲಕ್ಕೆ ಹೋದರೆ, ನಗರದ ಕೊಳಚೆ ಹೊತ್ತ ಆದಿಗಂಗಾ ಹೂಗ್ಲಿಗೆ ಕೂಡುತ್ತದೆ. ಇದು ಸಮುದ್ರದ ಉಬ್ಬರಕ್ಕೆ ಸಿಕ್ಕುವ ನದಿ. ಕೆಳಕ್ಕೆ ಹರಿದುಹೋದ ಕೊಳೆಯನ್ನು ಉಬ್ಬರ ದಿನಕ್ಕೆ ಎರಡು ಸಲ ಮತ್ತೆ ಮೇಲಕ್ಕೆ ತಳ್ಳುತ್ತದೆ. ಇದೇ ಪಾತ್ರದಿಂದ ನೀರೆತ್ತಿ, ಶುದ್ಧಮಾಡಿ, ದಕ್ಷಿಣ ಕೋಲ್ಕತ್ತದ ಮನೆಗಳಿಗೆ ಕಳಿಸುವ ಜಲಾಗಾರವೂ ಗಾರ್ಡನ್ ರೀಚ್‌ನಲ್ಲೇ ಇದೆ.

ಈ ನೀರಿನಲ್ಲೂ ಮೀನುಗಳಿವೆ. ಬೆಳಗಿನ ಮಾರುಕಟ್ಟೆಯಲ್ಲಿ ಮೀನು ಕೊಯ್ಯುವ ಹೆಂಗಸರು ನೆಲದ ಮೇಲೆ ಈಳಿಗೆ ಊರಿಕೊಂಡು ಕೂರುತ್ತಾರೆ. ಕಿವಿರು ಎತ್ತಿ ಕೆಂಪಗಿದೆಯೇ ಎಂದು ತೋರಿಸುತ್ತಾರೆ. ಹೊಟ್ಟೆ ಸೀಳಿದಾಗ ಬರುವ ಹಳದಿ ಕೊಬ್ಬು, ಪಿತ್ತಜನಕಾಂಗ, ಕರುಳನ್ನು ಎಸೆಯುವುದಿಲ್ಲ. ಪಿತ್ತಕೋಶ ಒಡೆಯದ ಹಾಗೆ ಬೆರಳಲ್ಲಿ ಬಿಡಿಸಿ ತೆಗೆದು, ಉಳಿದದ್ದನ್ನು ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಬಂಗಾಳಿಗಳು ಅದನ್ನು ‘ಮಾಛೇರ್ ತೇಲ್’ ಎನ್ನುತ್ತಾರೆ. ಕಡಲೆಹಿಟ್ಟು, ಈರುಳ್ಳಿ ಸೇರಿಸಿ ವಡೆ ಕರಿಯುತ್ತಾರೆ. ಮಕ್ಕಳಿಗೆ ಅದು ಬಲು ಇಷ್ಟ. ಮೀನಿನ ದೇಹದಲ್ಲಿ ಹಲವು ವಿಷಗಳು ಹೆಚ್ಚಾಗಿ ಸೇರಿಕೊಳ್ಳುವುದು ಪಿತ್ತಜನಕಾಂಗ ಮತ್ತು ಕೊಬ್ಬಿನಲ್ಲಿ. ಹಾಗಾಗಿ ಈ ಮೀನು ಯಾವ ನೀರಿನದು, ಆ ನೀರಲ್ಲಿ ಹೇಗೆ ಬದುಕಿತು ಎಂಬ ಪ್ರಶ್ನೆ ನನಗೆ ಪಠ್ಯಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಅದು ಅಡುಗೆಮನೆಯ ಪ್ರಶ್ನೆ.

ಕೊಳೆನೀರಿನಲ್ಲಿ ಮೀನು ಬದುಕುವುದಕ್ಕೆ ಮೂರು ದಾರಿಗಳಿವೆ. ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು, ಹುಟ್ಟಾ ಗಟ್ಟಿ ಜಾತಿಗಳು. ನಮ್ಮ ಕೊರವ, ಚೇಳುಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಜಿಲೇಬಿ ಮೀನು ಎಂಥ ಕೆರೆಯಲ್ಲೂ ಮರಿ ಹಾಕುತ್ತದೆ. ಅವು ಇವೆ ಎಂಬುದರಿಂದ ನೀರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡು, ಒಂದೇ ಮೀನು ತನ್ನ ಆಯುಸ್ಸಿನೊಳಗೆ ಒಗ್ಗಿಕೊಳ್ಳುವುದು. ಸತು, ಕ್ಯಾಡ್ಮಿಯಂನಂಥ ಲೋಹ ಒಳಹೊಕ್ಕಾಗ ಅದನ್ನು ಹಿಡಿದಿಡುವ ಪ್ರೋಟೀನನ್ನು ಮೀನಿನ ದೇಹ ಹೆಚ್ಚಾಗಿ ತಯಾರಿಸುತ್ತದೆ. ಮೂರನೆಯದು ಎಲ್ಲಕ್ಕಿಂತ ಆಳವಾದದ್ದು: ತಲೆಮಾರುಗಳು ಉರುಳಿದಂತೆ ಆ ನದಿಯ ಮೀನುಕುಲವೇ ಬದಲಾಗಿ, ವಿಷವನ್ನು ತಾಳಿಕೊಳ್ಳುವ ಗುಣ ತಂದೆತಾಯಿಯಿಂದ ಮರಿಗೆ ದಾಟುವುದು.

ಈ ಮೂರನೆಯದಕ್ಕೆ ನೇರ ಪುರಾವೆ ಕೊಟ್ಟದ್ದು ಅಮೆರಿಕದ ಹಡ್ಸನ್ ನದಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ ಸುಮಾರು 1947ರಿಂದ 1977ರವರೆಗೆ ಆ ನದಿಗೆ ಪಿಸಿಬಿ ಎಂಬ ರಾಸಾಯನಿಕ ಸೇರಿತು. ವಿದ್ಯುತ್ ಉಪಕರಣಗಳ ಎಣ್ಣೆಯಲ್ಲಿ ಬಳಸುತ್ತಿದ್ದ ವಸ್ತು ಅದು; ಸುಲಭವಾಗಿ ಕೊಳೆಯುವುದಿಲ್ಲ, ನೀರಿನಲ್ಲಿ ಕರಗುವುದೂ ತೀರ ಕಡಿಮೆ, ನದಿಯ ತಳದ ಕೆಸರಿನಲ್ಲಿ ಕೂತುಬಿಡುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಪ್ರಕಾರ ಹೀಗೆ ಸೇರಿದ ಪ್ರಮಾಣ 13 ಲಕ್ಷ ಪೌಂಡ್‌ವರೆಗೆ ಇರಬಹುದು, ಎಂದರೆ ಸುಮಾರು 590 ಟನ್. ಆ ನದಿಯ ತಳದಲ್ಲಿ ಮೇಯುವ ಟಾಮ್‌ಕಾಡ್ ಎಂಬ ಸಣ್ಣ ಮೀನು ನಿರ್ನಾಮವಾಗಲಿಲ್ಲ. ಏಕೆ ಎಂದು ಐಸಾಕ್ ವಿರ್ಗಿನ್ ಮತ್ತು ಸಂಗಡಿಗರು ಹುಡುಕಿ, 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು.

ಉತ್ತರ ಇದ್ದದ್ದು ಒಂದೇ ಒಂದು ಜೀನಿನಲ್ಲಿ. ಮೀನಿನ ಜೀವಕೋಶದಲ್ಲಿ ಎಎಚ್‌ಆರ್2 ಎಂಬ ಪ್ರೋಟೀನ್ ಇದೆ. ಅದನ್ನು ಬೀಗ ಎಂದುಕೊಳ್ಳಿ, ಪಿಸಿಬಿಯನ್ನು ಕೀಲಿ ಎಂದುಕೊಳ್ಳಿ. ಕೀಲಿ ಬೀಗಕ್ಕೆ ಕೂತರೆ ಕೋಶದೊಳಗೆ ಅನಾಹುತ ಶುರು. ಮೊಟ್ಟೆಯೊಳಗಿನ ಮರಿಯ ಹೃದಯವೇ ವಿಕಾರವಾಗಿ ಬೆಳೆಯುತ್ತದೆ. ಹಡ್ಸನ್‌ನ ಟಾಮ್‌ಕಾಡ್‌ಗಳಲ್ಲಿ ಈ ಜೀನಿನ ಆರು ಅಕ್ಷರಗಳು ಬಿಟ್ಟುಹೋಗಿದ್ದವು. ಅದರಿಂದ ಪ್ರೋಟೀನಿನ ಎರಡು ಅಮೈನೋ ಆಮ್ಲಗಳು ಕಡಿಮೆಯಾಗಿ, ಕೀಲಿ ಸರಿಯಾಗಿ ಕೂರದಂತಾಗಿತ್ತು. ಬೇರೆ ನದಿಗಳ ಟಾಮ್‌ಕಾಡ್‌ಗಳಲ್ಲಿ ಅಪರೂಪವಾಗಿದ್ದ ಈ ಬದಲಾವಣೆ, ಹಡ್ಸನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಮೀನುಗಳಲ್ಲೂ ಇತ್ತು.

ಇಲ್ಲಿ ನಿಮ್ಮ ಗಮನ ಎರಡು ಸಂಗತಿಗಳ ಮೇಲೆ ಇರಲಿ. ಮೊದಲನೆಯದು, ಬೀಗ ಕೆಟ್ಟಿತೇ ಹೊರತು ವಿಷ ಒಳಗೆ ಬರುವುದು ನಿಲ್ಲಲಿಲ್ಲ. ಮೀನು ಸಾಯದೆ, ಹೊಟ್ಟೆ ತುಂಬ ವಿಷ ಹೊತ್ತುಕೊಂಡು ಈಜಿತು. ಅದನ್ನು ತಿಂದ ದೊಡ್ಡ ಮೀನಿಗೆ ಆ ವಿಷ ದಾಟಿತು. 1976ರಲ್ಲೇ ಹಡ್ಸನ್‌ನ ಪಟ್ಟೆ ಬಾಸ್ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಹೆಚ್ಚು ಕಲುಷಿತ ಭಾಗದ ಮೀನನ್ನು ಮಕ್ಕಳಿಗೆ, ಮಗು ಹೆರುವ ವಯಸ್ಸಿನ ಹೆಂಗಸರಿಗೆ ಕೊಡಬೇಡಿ ಎಂದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಈಗಲೂ ಹೇಳುತ್ತಿದೆ. ಅಲ್ಲಿ ಮೀನು ಇದೆ, ತಿನ್ನುವ ಹಾಗಿಲ್ಲ.

ಎರಡನೆಯದು, "ಮೀನು ಹೊಂದಿಕೊಂಡಿತು" ಎಂಬ ಸಲೀಸು ಮಾತಿನ ಹಿಂದೆ ಎಷ್ಟು ಸಾವಿದೆ ಎಂಬುದು. ಯಾವ ಮೀನೂ ವಿಷವನ್ನು ಎದುರಿಸಲು ಕಲಿಯಲಿಲ್ಲ. ಆ ಬದಲಾವಣೆ ಇದ್ದ ಕೆಲವೇ ಮೀನುಗಳ ಮರಿಗಳು ಉಳಿದವು; ಇಲ್ಲದವುಗಳ ಸಂತಾನ ತಲೆಮಾರು ತಲೆಮಾರಿಗೂ ಅಳಿಯುತ್ತ ಹೋಯಿತು. ಇಂದು ನಾವು ನೋಡುವ ಮೀನು ಆ ಸಾವುಗಳಾದ ಮೇಲೆ ಉಳಿದದ್ದು.

ಎಲ್ಲ ಮೀನುಗಳಿಗೂ ಈ ದಾರಿ ತೆರೆದಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಕಿಲ್ಲಿಫಿಶ್ ಎಂಬ ಪುಟ್ಟ ಮೀನನ್ನು ಆಂಡ್ರ್ಯೂ ವೈಟ್‌ಹೆಡ್ ತಂಡ ಅಧ್ಯಯನ ಮಾಡಿ 2016ರಲ್ಲಿ ವರದಿ ಪ್ರಕಟಿಸಿತು. ನ್ಯೂ ಬೆಡ್‌ಫರ್ಡ್, ಬ್ರಿಡ್ಜ್‌ಪೋರ್ಟ್, ನ್ಯೂಅರ್ಕ್, ಎಲಿಜಬೆತ್ ನದಿ: ಈ ನಾಲ್ಕು ಕೊಳಕು ಜಾಗಗಳ ಮೀನುಗಳು, ಸಾಮಾನ್ಯ ಕಿಲ್ಲಿಫಿಶ್ ಸಾಯುವ ಪ್ರಮಾಣಕ್ಕಿಂತ 8,000 ಪಟ್ಟುವರೆಗಿನ ವಿಷವನ್ನು ತಾಳಬಲ್ಲವಾಗಿದ್ದವು. ಅದು ಸಾಧ್ಯವಾದದ್ದು ಅವುಗಳ ಸಂಖ್ಯೆ ಅಪಾರ, ವಂಶವೈವಿಧ್ಯ ಅಸಾಧಾರಣ ಎಂಬ ಕಾರಣಕ್ಕೆ. ಬೇಗ ಮರಿಮಾಡುವ, ಲಕ್ಷಗಟ್ಟಲೆ ಇರುವ ಮೀನಿಗೆ ಮಾತ್ರ ಈ ಅವಕಾಶ.

ಈಗ ನಮ್ಮ ಕಾವೇರಿಯನ್ನು ನೆನೆಯಿರಿ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ, ಅರ್ಕಾವತಿ ಕನಕಪುರದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಆ ಕಾವೇರಿಯ ಡುಬ್ಬದ ಮಹಸೀರ್ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು. 2018ರಲ್ಲಿ ಅದನ್ನು ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ, ‘ಅತ್ಯಂತ ಅಪಾಯದಲ್ಲಿರುವ’ ಜೀವಿಗಳ ಸಾಲಿಗೆ ಸೇರಿಸಿದರು. ನಿಧಾನವಾಗಿ ಬೆಳೆಯುವ, ಸಂಖ್ಯೆಯಲ್ಲಿ ತೀರ ಇಳಿದಿರುವ ಇಂಥ ಮೀನಿಗೆ ವಿಷ ತಾಳುವ ಗುಣ ಬೆಳೆಸಿಕೊಳ್ಳಲು ಪುರಸೊತ್ತಿಲ್ಲ. ಅದು ಹೋದ ಜಾಗದಲ್ಲಿ ಜಿಲೇಬಿ ಮೀನು ತುಂಬಿಕೊಂಡರೆ, ನಿಮ್ಮ ವರದಿಯಲ್ಲಿ "ಮೀನು ಇದೆ" ಎಂದೇ ದಾಖಲಾಗುತ್ತದೆ.

ವಿಷಕ್ಕೆ ಒಗ್ಗಿದ ಮೀನಿಗೆ ನಿಮಗೆ ಹತ್ತಿರದ ಒಂದು ಉದಾಹರಣೆ ಗಂಬೂಸಿಯಾ. ಸೊಳ್ಳೆಮರಿ ತಿನ್ನಲಿ ಎಂದು ನಮ್ಮ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಅದು. ಮೀನುಗಳಲ್ಲಿ ಕೀಟನಾಶಕ ನಿರೋಧ ಬೆಳೆದದ್ದು ಮೊದಮೊದಲು ಕಂಡದ್ದು ಅದರಲ್ಲೇ: ಮಿಸಿಸಿಪಿಯ ಹತ್ತಿ ಹೊಲಗಳ ಪಕ್ಕದ ಕಾಲುವೆಗಳ ಗಂಬೂಸಿಯಾ ಡಿಡಿಟಿಗೆ ಜಗ್ಗುತ್ತಿಲ್ಲ ಎಂದು 1963ರಲ್ಲೇ ಪ್ರಕಟವಾಯಿತು. 1968ರಲ್ಲಿ ಇನ್ನೊಂದು ಪ್ರಯೋಗ ಬಂತು. ಎಂಡ್ರಿನ್ ಎಂಬ ಕೀಟನಾಶಕಕ್ಕೆ ಒಗ್ಗಿದ ಗಂಬೂಸಿಯಾವನ್ನು ಆ ವಿಷದ ನೀರಿನಲ್ಲಿಟ್ಟು, ನಂತರ 11 ಜಾತಿಯ ಪ್ರಾಣಿಗಳಿಗೆ ತಿನ್ನಿಸಿದರು. ತಿಂದವುಗಳಲ್ಲಿ ಹೆಚ್ಚಿನವು ಸತ್ತವು. ಎಂಡ್ರಿನ್, ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಜನರನ್ನು ನರಳಿಸಿದ ಎಂಡೋಸಲ್ಫಾನ್‌ನ ವಂಶದ್ದೇ. ವಿಷ ಹೊತ್ತ ಮೀನು ಗಟ್ಟಿಯಾಗಿತ್ತು. ತಿಂದ ಪ್ರಾಣಿ ಸತ್ತಿತು. ಬದುಕಿರುವ ಮೀನನ್ನು ಸುರಕ್ಷತೆಗೆ ಸಾಕ್ಷಿ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ವಿಷ ತಾಳುವ ಮೀನು ಅದಕ್ಕೆ ಬೆಲೆಯನ್ನೂ ತೆರುತ್ತದೆ. ಎಲಿಜಬೆತ್ ನದಿಯ ಗಟ್ಟಿ ಕಿಲ್ಲಿಫಿಶ್ ಮರಿಗಳು ಆಮ್ಲಜನಕ ಕಡಿಮೆಯಾದ ನೀರಿನಲ್ಲಿ, ಶುದ್ಧ ಜಾಗದ ಮರಿಗಳಿಗಿಂತ ಬೇಗ ಸೋತವು. ನಮ್ಮ ಹೊಳೆಗಳಲ್ಲಿ ಕಾರ್ಖಾನೆಯ ವಿಷ ಒಂಟಿಯಾಗಿ ಬರುವುದಿಲ್ಲ, ಊರ ಕೊಳಚೆಯ ಜೊತೆ ಬರುತ್ತದೆ; ಕೊಳಚೆ ಬಂದಲ್ಲಿ ಆಮ್ಲಜನಕ ಇಳಿಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ಸತ್ತು ತೇಲಿದ್ದನ್ನು ನೀವೆಲ್ಲ ನೋಡಿದ್ದೀರಿ. ಅದರ ಹಿಂದಿನ ವಾರದವರೆಗೂ ಆ ಕೆರೆಯಲ್ಲಿ ಮೀನು ಬದುಕಿಯೇ ಇದ್ದವು.

ಈಗ ನಿಮ್ಮ ಕೈಯಲ್ಲಿರುವ ನಿಯಮಗಳ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ತಕ್ಕ ನೀರು ‘ಡಿ’ ವರ್ಗದ್ದು. ಅದಕ್ಕೆ ಬೇಕಾದ ಅಳತೆಗಳು ಮೂರೇ: ಪಿಎಚ್ 6.5ರಿಂದ 8.5ರೊಳಗೆ, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ (ಸಾರಜನಕದ ಲೆಕ್ಕದಲ್ಲಿ) ಲೀಟರಿಗೆ 1.2 ಮಿಲಿಗ್ರಾಂ ಮೀರದಂತೆ. ಸೀಸ, ಪಾದರಸ, ಕ್ರೋಮಿಯಂ, ಕೀಟನಾಶಕ, ಪಿಸಿಬಿ ಇವು ಯಾವುವೂ ಆ ಸಾಲಿನಲ್ಲಿ ಇಲ್ಲ. ಈ ಮೂರು ಪರೀಕ್ಷೆ ಪಾಸಾದ ನೀರಿನ ಮೀನು ವಿಷ ಹೊತ್ತಿರಬಹುದು.

ಇನ್ನೊಂದು, ಕಾರ್ಖಾನೆ ತ್ಯಾಜ್ಯದ ಜೈವಿಕ ಪರೀಕ್ಷೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಬೆರಕೆಯಿಲ್ಲದ ತ್ಯಾಜ್ಯನೀರಿನಲ್ಲಿ 96 ಗಂಟೆ ಬಿಟ್ಟ ಮೀನುಗಳಲ್ಲಿ ಶೇಕಡಾ 90 ಬದುಕಿರಬೇಕು. ಒಳ್ಳೆಯ ನಿಯಮ. ಆದರೆ ಆ ಮೀನು ಎಲ್ಲಿಂದ ಬಂತು ಎಂಬುದರ ಮೇಲೆ ಪರೀಕ್ಷೆಯ ಬೆಲೆ ನಿಂತಿದೆ. ತಲೆಮಾರುಗಳಿಂದ ಕೊಳೆನೀರು ಕುಡಿದ ಕೆರೆಯ ಮೀನನ್ನು ತಂದು ತೊಟ್ಟಿಗೆ ಬಿಟ್ಟರೆ ಅದು ನಾಲ್ಕು ದಿನ ಬದುಕಿಬಿಡಬಹುದು. ಅದರಿಂದ ಕಾರ್ಖಾನೆಗೆ ಒಳ್ಳೆಯ ಹೆಸರು ಬರುತ್ತದೆ, ಹೊಳೆಗೆ ಒಳ್ಳೆಯದಾಗುವುದಿಲ್ಲ.

ಹಾಗಾದರೆ ಕೊಳೆನೀರಿನ ಊರಲ್ಲಿ ಏನು ಮಾಡಬಹುದು? ಗಾರ್ಡನ್ ರೀಚ್‌ನಲ್ಲೇ ಒಂದು ಪಾಠವಿದೆ. ಇಲ್ಲಿನ ಮುದಿಯಾಲಿ ಮೀನುಗಾರರ ಸಹಕಾರ ಸಂಘದವರು ಬಂದರಿನ ತಗ್ಗು ಜಮೀನಿನಲ್ಲಿ, ಕೈಗಾರಿಕಾ ಪ್ರದೇಶದಿಂದ ಮತ್ತು ಮನೆಗಳಿಂದ ಬರುವ ಕೊಳೆನೀರನ್ನು ನೇರ ಮೀನಿನ ಕೊಳಕ್ಕೆ ಬಿಡದೆ, ಸುಣ್ಣ ಹಾಕಿ, ಅಂತರಗಂಗೆ ಬೆಳೆದ ಕಾಲುವೆಯಲ್ಲಿ ಹಾಯಿಸಿ, ಒಂದು ಕೊಳದಿಂದ ಮತ್ತೊಂದಕ್ಕೆ ಸಾಗಿಸುತ್ತ ತಿಳಿಯಾಗಿಸುವ ಪದ್ಧತಿ ಕಟ್ಟಿದರು. ಅವರದು ಓದಿನ ವಿದ್ಯೆಯಲ್ಲ, ನೀರು ನೋಡಿ ನೋಡಿ ಬಂದ ವಿದ್ಯೆ. ಮೀನು ಬದುಕಿದರೆ ಸಾಕು ಎಂದು ಅವರು ಸುಮ್ಮನಿರಲಿಲ್ಲ. ಮೀನಿಗಿಂತ ಮೊದಲು ನೀರನ್ನು ನೋಡಿದರು. ನಾನು ನಿಮ್ಮಿಂದ ಕೇಳುವುದೂ ಅದನ್ನೇ.

ನನ್ನ ಕೋರಿಕೆಗಳು ಇವು.

ಒಂದು. ಸ್ಥಳ ಪರಿಶೀಲನೆಯ ವರದಿಯಲ್ಲಿ "ಜಲಚರಗಳು ಜೀವಂತವಾಗಿವೆ" ಎಂಬುದನ್ನು ನೀರು ಸುರಕ್ಷಿತ ಎನ್ನುವುದಕ್ಕೆ ಕಾರಣವಾಗಿ ಬರೆಯಬೇಡಿ. ಬರೆಯಲೇಬೇಕಾದರೆ ಯಾವ ಜಾತಿ ಇದೆ, ಮೊದಲಿದ್ದ ಯಾವ ಜಾತಿ ಈಗಿಲ್ಲ ಎಂಬುದನ್ನೂ ಬರೆಯಿರಿ. ಹಳೆಯದನ್ನು ಬಲ್ಲವರು ಬೇಕೆಂದರೆ ದಂಡೆಯ ಬೆಸ್ತರನ್ನು ಕೇಳಿ. ಅವರಿಗೆ ಹೆಸರು ಸಮೇತ ನೆನಪಿರುತ್ತದೆ.

ಎರಡು. ಕಾರ್ಖಾನೆಗಳ ಕೆಳಗಿನ ಪಾತ್ರದಲ್ಲಿ ನೀರಿನ ಜೊತೆಗೆ ತಳದ ಕೆಸರನ್ನೂ, ಮೀನಿನ ಪಿತ್ತಜನಕಾಂಗ, ಕೊಬ್ಬು, ಮಾಂಸವನ್ನೂ ಪರೀಕ್ಷಿಸಿ. ನೀರು ಹರಿದುಹೋಗುತ್ತದೆ, ಕೆಸರು ಮತ್ತು ಮೀನಿನ ದೇಹ ಹಿಂದಿನದನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತವೆ.

ಮೂರು. ಜೈವಿಕ ಪರೀಕ್ಷೆಗೆ ಬಳಸಿದ ಮೀನು ಯಾವ ಮರಿ ಉತ್ಪಾದನಾ ಕೇಂದ್ರದ್ದು, ಎಷ್ಟು ತಲೆಮಾರು ಶುದ್ಧ ನೀರಿನಲ್ಲಿ ಬೆಳೆದದ್ದು ಎಂಬುದನ್ನು ಪ್ರತಿ ವರದಿಯಲ್ಲೂ ನಮೂದಿಸಿ. ಪರೀಕ್ಷೆಗೆ ಒಳಗಾಗುವ ಕಾರ್ಖಾನೆಯೇ ಮೀನು ಒದಗಿಸುವಂತಾಗಬಾರದು.

ನಾಲ್ಕು. ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ ವಿಭಾಗಗಳಿವೆ. ಕಾರ್ಖಾನೆಯ ಮೇಲಿನ ಪಾತ್ರದ ಮೀನು, ಕೆಳಗಿನ ಪಾತ್ರದ ಮೀನು ಎರಡನ್ನೂ ತಂದು, ಎರಡು ತಲೆಮಾರು ಶುದ್ಧ ನೀರಿನಲ್ಲಿ ಸಾಕಿ, ಆಮೇಲೆ ಮರಿಗಳನ್ನು ಹೋಲಿಸಿ ಪರೀಕ್ಷಿಸುವ ಕೆಲಸ ಅವರಿಗೆ ಕೊಡಿ. ಶುದ್ಧ ನೀರಿನಲ್ಲಿ ಹುಟ್ಟಿದ ಮರಿಯೂ ವಿಷ ತಾಳಿದರೆ, ಆ ಗುಣ ರಕ್ತಕ್ಕೆ ಇಳಿದಿದೆ ಎಂದರ್ಥ. ತುಂಗಭದ್ರೆ, ಭದ್ರೆ, ಅರ್ಕಾವತಿಗಳಿಂದ ಶುರುಮಾಡಬಹುದು.

ಐದು. ಫಲಿತಾಂಶವನ್ನು ಕನ್ನಡದಲ್ಲಿ, ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿ. ಯಾವ ಮೀನು ತಿನ್ನಬಹುದು, ಯಾವುದು ಬೇಡ, ಬಸುರಿ ಬಾಣಂತಿಯರು ಏನು ಬಿಡಬೇಕು ಎಂಬುದನ್ನು ಸರಳವಾಗಿ ಬರೆಯಿರಿ. ಪಿಸಿಬಿಯಂಥದು ಕೊಬ್ಬಿನಲ್ಲಿರುತ್ತದೆ, ಕೊಬ್ಬು ತೆಗೆದರೆ ಕಡಿಮೆಯಾದೀತು. ಪಾದರಸ ಮಾಂಸದಲ್ಲೇ ಇರುತ್ತದೆ, ಎಷ್ಟು ತೊಳೆದರೂ ಹೋಗದು. ಇಷ್ಟು ತಿಳಿಯುವ ಹಕ್ಕು ಮೀನು ತಿನ್ನುವ ಪ್ರತಿ ಮನೆಗೂ ಇದೆ.

ಬಲೆ ಬೀಸಿ ಬದುಕುವವರ ಹೊಟ್ಟೆಯ ಮೇಲೆ ಹೊಡೆಯಲು ಇದನ್ನು ಹೇಳುತ್ತಿಲ್ಲ. ನದಿ ಕೆಟ್ಟರೆ ಮೊದಲ ನಷ್ಟ ಬೆಸ್ತರದೇ. ಅವರ ಮೀನನ್ನು ಮಾರಬೇಡಿ ಎನ್ನುವ ದಿನ ಬಂದರೆ, ಆ ನಷ್ಟವನ್ನು ಹೊಳೆ ಕೆಡಿಸಿದವರಿಂದ ತುಂಬಿಸಿಕೊಡುವ ಹೊಣೆಯೂ ನಿಮ್ಮದೇ. 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯದವರು ತುಂಗಭದ್ರೆಯ ಮಾಲಿನ್ಯದ ವಿರುದ್ಧ ಹೋರಾಟಕ್ಕೆ ಇಳಿದಾಗ, ದಂಡೆಯ ಹಳ್ಳಿಗರು ಅವರ ಜೊತೆ ನಿಂತರು. ಆಗ ಸತ್ತ ಮೀನನ್ನು ತೋರಿಸಿ ನ್ಯಾಯ ಕೇಳಬಹುದಿತ್ತು. ಮೀನು ಸಾಯುವುದು ನಿಂತ ಹೊಳೆಯಲ್ಲಿ ಜನರಿಗೆ ತೋರಿಸಲು ಕಣ್ಣಿಗೆ ಕಾಣುವ ಪುರಾವೆಯೇ ಇಲ್ಲ. ಪ್ರಯೋಗಾಲಯ ಇರುವುದು ನಿಮ್ಮ ಕೈಯಲ್ಲಿ, ಕಾನೂನು ಇರುವುದು ನಿಮ್ಮ ಕೈಯಲ್ಲಿ. ಕಣ್ಣಿಗೆ ಕಾಣದ್ದನ್ನು ಅಳೆದು ಹೇಳಬಲ್ಲವರು ನೀವು.

ಮುಂದಿನ ಸಲ ಯಾರಾದರೂ ರೈತರು ಬಾಟಲಿಯಲ್ಲಿ ಹೊಳೆ ನೀರು ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ಮೀನು ಬದುಕಿದೆಯಲ್ಲ ಎಂದು ಅವರನ್ನು ಹಿಂದೆ ಕಳಿಸಬೇಡಿ. ಆ ನೀರನ್ನೂ ಆ ಹೊಳೆಯ ಮೀನನ್ನೂ ಪರೀಕ್ಷೆಗೆ ಕಳಿಸಿ, ಬಂದ ಅಂಕಿಗಳನ್ನು ಅವರ ಕೈಗೆ ಕೊಡಿ ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದ, ಹೂಗ್ಲಿಯ ದಂಡೆಯಲ್ಲಿ ನೆಲೆಸಿದ ಒಬ್ಬ ಶಿಕ್ಷಕಿ
ಗಾರ್ಡನ್ ರೀಚ್, ಕೋಲ್ಕತ್ತ